ಕೊಟ್ಟಿಗೆಗೆ ಕ್ಯಾಮೆರಾ ಬಂದದ್ದು

ನಮ್ಮ ಕೊಟ್ಟಿಗೆ ಮನೆಗೆ ಅಂಟಿಕೊಂಡಿಲ್ಲ. ಮನೆ ಮುಂದಿನ ರಸ್ತೆ ದಾಟಿ, ಆಂಜಿನಪ್ಪನ ನಾಲ್ಕು ಮಹಡಿಯ ಪಿ.ಜಿ.ಯನ್ನು ಬಳಸಿಕೊಂಡು ಹೋದರೆ, ಅದರ ಬೆನ್ನಿಗೆ ಹುಣಸೆಮರದ ಅಡಿಯಲ್ಲಿದೆ. ಚಂದಾಪುರದಿಂದ ಅತ್ತಿಬೆಲೆಯವರೆಗೆ ರಾಗಿ ಹೊಲಗಳೆಲ್ಲ ಕಾರ್ಖಾನೆಗಳೂ ಬಾಡಿಗೆ ಕಟ್ಟಡಗಳೂ ಆದವು. ನಮ್ಮ ಹೊಲದಲ್ಲಿಯೂ ಈಗ ಬಾಡಿಗೆ ಮನೆಗಳೇ ಬೆಳೆದಿವೆ. ಹಳೆಯದೆಂದು ಉಳಿದಿರುವುದು ಆ ಕೊಟ್ಟಿಗೆ, ಅದರೊಳಗಿನ ಕೆಂಪಿ.

ಕೆಂಪಿಯನ್ನು ಎಳೆಗರುವಿನಿಂದ ಸಾಕಿದವರು ನಮ್ಮ ಯಜಮಾನರಾದ ಆವಲಪ್ಪನವರು. ಹೋದ ವರ್ಷ ಕಾರ್ತಿಕದಲ್ಲಿ ಅವರು ಆಸ್ಪತ್ರೆ ಸೇರಿದರು. ಮನೆಮಂದಿಯೆಲ್ಲ ಅಲ್ಲಿಯೇ ಇದ್ದಾಗ ಕೆಂಪಿ ಕರು ಹಾಕಿದಳು. ಹತ್ತಿರ ಯಾರೂ ಇರಲಿಲ್ಲ. ಕರು ಉಳಿಯಲಿಲ್ಲ, ಯಾಕೆ ಉಳಿಯಲಿಲ್ಲವೆಂದು ಹೇಳುವುದಕ್ಕೂ ಯಾರೂ ಇರಲಿಲ್ಲ. ಅವರು ಮಾತ್ರ ಕಣ್ಣು ಬಿಟ್ಟಾಗಲೆಲ್ಲ, “ಕೆಂಪಿ ಮಲಗಿದಾಳಾ, ನಿಂತಿದಾಳಾ?” ಎಂದು ಕೇಳುತ್ತಿದ್ದರು. ಕಾಣದೆಯೇ ನಾವು ಏನೋ ಒಂದು ಹೇಳುತ್ತಿದ್ದೆವು. ಆಮೇಲೆ ಅವರು ಕೇಳುವುದನ್ನೂ ನಿಲ್ಲಿಸಿದರು. ನಮ್ಮ ಮನೆದೇವರು ತಿಮ್ಮರಾಯಸ್ವಾಮಿ ಅವರನ್ನು ಕರೆದುಕೊಂಡ.

ಈ ವರ್ಷ ಕೆಂಪಿಗೆ ಮತ್ತೆ ಗಬ್ಬವಾಯಿತು. ಈ ಸಲ ನಾನು ಬಿಟ್ಟು ಕದಲುವುದಿಲ್ಲವೆಂದು ಕೊಟ್ಟಿಗೆಯಲ್ಲಿಯೇ ಮಂಚ ಹಾಕಿಸಿಕೊಂಡೆ. ಶ್ರಾವಣದ ಮಳೆಗೆ ನೆಲ ಒದ್ದೆಯಾಗಿತ್ತು. ಸಗಣಿಯ ಮೇಲೆ ಕಾಲು ಜಾರಿ ಬಿದ್ದೆ, ಬಲಗೈ ಮಣಿಕಟ್ಟು ಮುರಿಯಿತು. ಕೈಗೆ ಪಟ್ಟಿ ಹಾಕಿಸಿಕೊಂಡು ಮನೆಗೆ ಬಂದ ದಿನವೇ ಸೊಸೆ ಶ್ಯಾಮಲಾ ನನ್ನ ಎದುರಿಗೆ ಕುಳಿತಳು.

“ಅತ್ತೆ, ಬೇಜಾರು ಮಾಡ್ಕೋಬೇಡಿ. ಇನ್ಮೇಲೆ ನೀವು ಕೊಟ್ಟಿಗೇಲಿ ಮಲಗೋ ಹಾಗಿಲ್ಲ.”

“ಅಂಗಾದ್ರೆ ಕೆಂಪೀನ ಯಾರಮ್ಮ ನೋಡ್ಕೊಳ್ಳೋದು?”

“ಮಾಲೂರಿಗೆ ಕಳಿಸೋಣ. ಚಿಕ್ಕತ್ತೆ ಮನೇಲಿ ಅಷ್ಟು ದನ ಇದಾವೆ, ಇದೊಂದು ಅವರಿಗೆ ಹೆಚ್ಚಾಗಲ್ಲ.”

ಚಿಕ್ಕತ್ತೆ ಎಂದರೆ ನನ್ನ ನಾದಿನಿ ಪದ್ಮಾವತಿ. ಒಳ್ಳೆಯವಳೇ. ಆದರೆ ಕೆಂಪಿ ಇಲ್ಲದ ಆ ಕೊಟ್ಟಿಗೆಯನ್ನು ನೆನೆಸಿಕೊಂಡರೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

“ತುಂಬಿದ ಗಬ್ಬದ ಹಸೂನ ಟೆಂಪೋದಲ್ಲಿ ಕುಣಿಸ್ಕೊಂಡು ಓಗ್ತಾರೇನೆ? ನೀನು ಬಸುರಿ ಆಗಿದ್ದಾಗ ನಿನ್ನ ಆಟೋ ಹತ್ತಕ್ಕೂ ಬಿಡ್ಲಿಲ್ಲ ನಾನು.”

“ಅದೇ ಕೋಪ ನನಗೆ ಇನ್ನೂ ಇದೆ” ಎಂದು ಶ್ಯಾಮಲಾ ನಕ್ಕಳು. ಆದರೆ ಮಾತು ಬಿಡಲಿಲ್ಲ.

ಕೊನೆಗೆ ದಾರಿ ತೋರಿಸಿದವನು ಮಗ ವಸಂತ. ಅತ್ತಿಬೆಲೆಯ ಕಾರ್ಖಾನೆಯೊಂದರಲ್ಲಿ ಅವನು ಸೂಪರ್‌ವೈಸರ್. “ನಮ್ಮ ಕಂಪನೀಲಿ ಗೋಡೆ ಗೋಡೆಗೂ ಕ್ಯಾಮೆರಾ ಇದೆ. ಕೊಟ್ಟಿಗೆಗೂ ಒಂದು ಹಾಕ್ಸಿದ್ರೆ ಅಮ್ಮ ಮನೇಲಿ ಕೂತ್ಕೊಂಡೇ ಫೋನಲ್ಲಿ ನೋಡಬಹುದು” ಎಂದ.

ಶ್ಯಾಮಲಾ ಯೋಚಿಸಿ ತನ್ನ ತೀರ್ಪು ಹೇಳಿದಳು. “ಸರಿ. ಈ ಸಲ ಕರು ಕ್ಷೇಮವಾಗಿ ಹುಟ್ಟಿದ್ರೆ ಕೆಂಪಿ ಇಲ್ಲೇ ಇರ್ಲಿ. ಹೋದ ಸಲದ ಹಾಗೆ ಆದ್ರೆ ಮಾಲೂರಿಗೆ. ಅತ್ತೆ ಕಳ್ಳತನದಲ್ಲಿ ಅಲ್ಲಿಗೆ ಹೋಗಿ ಮಲಗಿದ್ರೂ ಮಾಲೂರಿಗೆ. ಒಪ್ಪಿಗೆನಾ?”

ಒಪ್ಪದೆ ಏನು ಮಾಡಲಿ? ಮುರಿದ ಕೈಯವಳಿಗೆ ವಾದ ಮಾಡುವ ಬಲವಿರುವುದಿಲ್ಲ.

ನಮ್ಮ ಕಟ್ಟಡದ ಹಿಂದಿನ ಕೋಣೆಯಲ್ಲಿ ಕೊಟ್ರೇಶ್ ಎಂಬ ಹುಡುಗ ಬಾಡಿಗೆಗೆ ಇದ್ದಾನೆ. ಹರಪನಹಳ್ಳಿ ಕಡೆಯವನು. ಚಂದಾಪುರದ ಅಂಗಡಿಯೊಂದರಲ್ಲಿ ಕೆಲಸ. ದಿನವೂ ಕಾರ್ಖಾನೆಗಳಿಗೆ ಹೋಗಿ ಕ್ಯಾಮೆರಾ ಕೂರಿಸಿ ಬರುತ್ತಾನೆ. ಅವನನ್ನು ಕರೆದುಕೊಂಡು ಹೋಗಿ ಕೊಟ್ಟಿಗೆ ತೋರಿಸಿದೆ.

ಅವನು ಸೂರು, ಗೋಡೆ, ಮೇವಿನ ಗೋದಲಿ ಎಲ್ಲವನ್ನೂ ನೋಡಿ, “ಅಮ್ಮಾರೆ, ಇಲ್ಲೇನು ಕಳವಾಗ್ತದ್ರಿ? ಸಗಣಿನಾ?” ಎಂದ.

“ಕಳ್ಳ ಬರೋದು ನೋಡಕ್ಕಲ್ಲ ಕಣಪ್ಪ. ಕರು ಬರೋದು ನೋಡಕ್ಕೆ.”

“ಹಂಗಾದ್ರೆ ಚಲೋ ಕ್ಯಾಮೆರಾನೇ ಹಾಕೋಣ್ರಿ.”

ಮರುದಿನ ಬಂದು ಗೋದಲಿಯ ಮೇಲಿನ ಗೋಡೆಗೆ, ಕೆಂಪಿಯ ಮುಖಕ್ಕೆ ನೇರವಾಗಿ ಕೂರಿಸಿದ. ಫೋನಿನಲ್ಲಿ ಕೆಂಪಿಯ ಮುಖ ತುಂಬಿಕೊಂಡು ಬಂತು. “ಎಷ್ಟು ಚೆಂದ ಬಂದೈತಿ ನೋಡ್ರಿ! ಆಧಾರ್ ಕಾರ್ಡಿಗೆ ತೆಗೆದಂಗೆ!” ಎಂದು ಹಿಗ್ಗಿದ.

“ಚೆಂದ ಏನೋ ಸರಿ. ಕರು ಮುಖದಿಂದ ಬರ್ತದೇನಪ್ಪ?”

ಹುಡುಗ ಕೆಂಪಾದ. ಅಷ್ಟರಲ್ಲಿ ಫೋನಿನಲ್ಲಿ ಏನೋ ಗುಲಾಬಿ ಬಣ್ಣದ್ದು ಬಂದು ಎಲ್ಲವನ್ನೂ ಮುಚ್ಚಿತು. ತಲೆಯೆತ್ತಿ ನೋಡಿದರೆ ಕೆಂಪಿ ತನ್ನ ಉದ್ದ ನಾಲಿಗೆಯನ್ನು ಚಾಚಿ ಕ್ಯಾಮೆರಾವನ್ನು ನಿಧಾನವಾಗಿ ನೆಕ್ಕುತ್ತಿದ್ದಳು. ಹೊಸಬರು ಯಾರೇ ಬರಲಿ, ಅವಳ ಮರ್ಯಾದೆ ಅದೇ.

ಕೊಟ್ರೇಶ್ ಅದನ್ನು ಬಿಚ್ಚಿ, ಒರೆಸಿ, ಹಿಂದಿನ ಗೋಡೆಯಲ್ಲಿ ಎತ್ತರಕ್ಕೆ ಕಟ್ಟಿದ. ಅಂದು ಶುಕ್ರವಾರ. ಮನೆಗೆ ಹೊಸದಾಗಿ ಬಂದ ಯಂತ್ರಕ್ಕೆ ಪೂಜೆ ಮಾಡದೆ ಚಾಲು ಮಾಡುವುದು ನಮ್ಮಲ್ಲಿ ಇಲ್ಲ. ಅವನು ತಂತಿ ತರಲು ಹೋದಾಗ ನಾನು ವಸಂತನನ್ನು ಏಣಿ ಹತ್ತಿಸಿ, ಅವನ ಕೈಯಿಂದಲೇ ಅರಿಶಿನ ಕುಂಕುಮ ಇಡಿಸಿ, ಮಲ್ಲಿಗೆ ಸಿಕ್ಕಿಸಿ, ಕೆಳಗೆ ನಿಂತು ಮಂಗಳಾರತಿ ಎತ್ತಿದೆ. ಕೊಟ್ರೇಶ್ ಬಂದು ಫೋನು ತೆರೆದ. ಕೊಟ್ಟಿಗೆಯ ನಡುವೆ ಕೆಂಪು ಸೂರ್ಯ ಹುಟ್ಟಿದಂತೆ ಕಾಣಿಸಿತು. ಸೂರ್ಯನ ಒಂದು ಕಡೆ ಕೆಂಪಿಯ ಬಾಲ, ಇನ್ನೊಂದು ಕಡೆ ಕೊಂಬು.

“ಅಮ್ಮಾರೆ, ಕುಂಕುಮ ಎಲ್ಲಿಗಿಟ್ರಿ?”

“ಹಣೆಗೆ.”

“ಇದಕ್ಕೆ ಹಣೆ ಇಲ್ರಿ. ಬರೇ ಕಣ್ಣೈತಿ.”

ವಸಂತ ನಗು ತಡೆಯಲಾರದೆ ಏಣಿಯ ಮೇಲೆಯೇ ಕುಳಿತುಬಿಟ್ಟ. ಕುಂಕುಮವನ್ನು ಒರೆಸಿ ಪಕ್ಕದ ಗೋಡೆಗೆ ಇಟ್ಟದ್ದಾಯಿತು. ದೇವರೇನೂ ಬೇಸರ ಮಾಡಿಕೊಂಡಂತೆ ಕಾಣಲಿಲ್ಲ.

ಆದರೆ ಇನ್ನೊಂದು ತೊಡಕಿತ್ತು. ಮನೆಯ ಇಂಟರ್‌ನೆಟ್ಟು ಕೊಟ್ಟಿಗೆಗೆ ಸರಿಯಾಗಿ ಮುಟ್ಟುತ್ತಿರಲಿಲ್ಲ. ನಡುವೆ ಆಂಜಿನಪ್ಪನ ಪಿ.ಜಿ. ಅಡ್ಡ ನಿಂತಿತ್ತು. ನನಗೆ ಇದು ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ತುಳಸಿಗೆ ನೀರು ಹಾಕಿ ಬಂದು ಫೋನು ನೋಡಿದೆ. ಕೆಂಪಿ ಬಾಲ ಎತ್ತಿ ನಿಂತಿದ್ದಾಳೆ. ವಿಷ್ಣು ಸಹಸ್ರನಾಮ ಮುಗಿಸಿ ನೋಡಿದೆ. ಹಾಗೆಯೇ ಬಾಲ ಎತ್ತಿ ನಿಂತಿದ್ದಾಳೆ. ಕಾಫಿ ಕುಡಿದು ನೋಡಿದೆ. ಕಿವಿ ಕೂಡ ಅಲ್ಲಾಡಿಲ್ಲ. ಕಾಲಿಗೆ ಚಪ್ಪಲಿಯಿಲ್ಲದೆ ರಸ್ತೆ ದಾಟಿ ಓಡಿದೆ. ಹೋಗಿ ನೋಡಿದರೆ ಅವಳು ಆರಾಮವಾಗಿ ಮಲಗಿ ಮೆಲುಕು ಹಾಕುತ್ತಿದ್ದಾಳೆ. ನನ್ನನ್ನು ನೋಡಿ, ಇಷ್ಟು ಬೆಳಿಗ್ಗೆ ಯಾಕೆ ಬಂದೆ ಎಂಬಂತೆ ತಲೆ ತಿರುಗಿಸಿದಳು.

“ಚಿತ್ರ ಅಂಟ್ಕೊಂಡೈತ್ರಿ” ಎಂದ ಕೊಟ್ರೇಶ್. “ಪಿ.ಜಿ. ಮಾಳಿಗೆ ಮ್ಯಾಲೆ ಇಂಟರ್‌ನೆಟ್ ದಾಟಿಸೋ ಒಂದು ಪೆಟ್ಟಿಗೆ ಇಟ್ರೆ ಸರಿ ಹೋಗ್ತದ. ಅಲ್ಲಿಂದ ಮನೀನೂ ಕಾಣ್ತದ, ಕೊಟ್ಟಿಗೀನೂ ಕಾಣ್ತದ.”

ಆಂಜಿನಪ್ಪನನ್ನು ಕೇಳಿದೆವು. “ಇಡ್ಕೊಳ್ಳಿ ಅನುಸೂಯಕ್ಕ. ಗಿಣ್ಣು ಮಾಡಿದಾಗ ನಮ್ಮನೆ ಮರೀಬೇಡಿ, ಅಷ್ಟೆ” ಎಂದ. ಆದರೆ ಮಾಳಿಗೆಯಲ್ಲಿ ಬಟ್ಟೆ ಒಣಗಿಸುವ ಪಿ.ಜಿ. ಹುಡುಗಿಯರು ಸುಮ್ಮನೆ ಬಿಡಲಿಲ್ಲ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ದಿವ್ಯಾ ಎಂಬ ಹುಡುಗಿ ಅವರ ಪರವಾಗಿ ಬಂದಳು. “ಅಜ್ಜಿ, ಪೆಟ್ಟಿಗೆ ನಮ್ಮ ಮಾಳಿಗೇಲಿ ಇದೆ ಅಂದ್ಮೇಲೆ ನಮಗೂ ಕೆಂಪಿ ತೋರಿಸ್ಬೇಕು. ಬಸ್ಸಲ್ಲಿ ಕೂತ್ಕೊಂಡು ನೋಡ್ತೀವಿ, ಟೆನ್ಶನ್ ಹೋಗುತ್ತೆ.”

ಹಸುವನ್ನು ನೋಡುವುದು ಪುಣ್ಯದ ಕೆಲಸ. ಬೇಡವೆನ್ನಲು ನಾನು ಯಾರು? ಕೊಟ್ರೇಶ್ ಅವರ ಫೋನಿಗೂ ಕ್ಯಾಮೆರಾ ಹಾಕಿಕೊಟ್ಟ, ಅತ್ತಿಬೆಲೆಯ ದನದ ಡಾಕ್ಟರು ಮನು ಅವರ ಫೋನಿಗೂ ಹಾಕಿಕೊಟ್ಟ. ಹೀಗೆ ಕೆಂಪಿ ಬೀದಿಯ ಫೋನುಗಳಲ್ಲೆಲ್ಲ ಸೇರಿದಳು.

ಅದರ ಫಲ ಆ ವಾರವೇ ತಿಳಿಯಿತು. ಸಂಜೆ ಕೊಟ್ಟಿಗೆಗೆ ಬೇವಿನ ಸೊಪ್ಪಿನ ಹೊಗೆ ಹಾಕುವುದು ನಮ್ಮ ಮನೆಯ ಹಳೆಯ ಪದ್ಧತಿ. ಸೊಳ್ಳೆ, ನೊಣ ದನದ ಹತ್ತಿರ ಸುಳಿಯುವುದಿಲ್ಲ. ಬೆರಣಿಗೆ ಕೆಂಡ ಹಾಕಿ, ಮೇಲೆ ಹಸಿ ಸೊಪ್ಪು ಹೊದಿಸಿ, ಬಾಗಿಲು ಮುಂದೆ ಮಾಡಿ, ಹೊರಗೆ ಹುಣಸೆಮರದ ಕೆಳಗೆ ಜಪಸರ ಹಿಡಿದು ಕುಳಿತೆ. ಕೃಷ್ಣಾ ಎನ್ನುವಷ್ಟರಲ್ಲಿ ಪಿ.ಜಿ.ಯ ಮೆಟ್ಟಿಲಲ್ಲಿ ಧಡಧಡ ಸದ್ದಾಯಿತು. ಹುಡುಗಿಯರು ಬಕೆಟ್ಟು ಹಿಡಿದು ಓಡಿ ಬಂದರು. ಅವರ ಹಿಂದೆ ಸೌಟು ಹಿಡಿದ ಅಡುಗೆಯವಳು. ಅವಳ ಹಿಂದೆ ಆಂಜಿನಪ್ಪ, ಕೈಯಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರು.

“ಬೆಂಕಿ! ಬೆಂಕಿ! ಅಜ್ಜಿ, ಈಚೆ ಬನ್ನಿ!”

“ಎಲ್ರೆ ಬೆಂಕಿ?”

“ಫೋನೆಲ್ಲಾ ಹೊಗೆ!”

ನಾನು ಎದ್ದು ಮಾತನಾಡುವಷ್ಟರಲ್ಲಿ ದಿವ್ಯಾ ಬಾಗಿಲು ತಳ್ಳಿ ಬಕೆಟ್ಟು ನೀರನ್ನು ಎರಚಿಯೇಬಿಟ್ಟಳು. ಹೊಗೆಯೊಳಗಿಂದ ಕೆಂಪಿ ತೊಯ್ದ ಮುಖವನ್ನು ಮುಂದಕ್ಕೆ ಚಾಚಿ ‘ಅಂಬಾ’ ಎಂದಳು. ವಿಷಯ ತಿಳಿದ ಮೇಲೆ ಹುಡುಗಿಯರು ಪಶ್ಚಾತ್ತಾಪದಿಂದ ಕೆಂಪಿಗೆ ಬಾಳೆಹಣ್ಣು ತಿನ್ನಿಸಿದರು. ಆಂಜಿನಪ್ಪ ಮಾತ್ರ, “ಸಿಲಿಂಡರ್ ಪಿನ್ನು ಕಿತ್ತುಬಿಟ್ಟಿದ್ದೆ ಕಣಕ್ಕ, ಇನ್ನೊಂದು ಚೂರು ತಡ ಆಗಿದ್ರೆ ಅದರ ಪುಡಿ ಬಿದ್ದು ನಿಮ್ಮ ಕೆಂಪಿ ಬಿಳಿ ಹಸು ಆಗ್ತಿತ್ತು” ಎಂದು ಹೇಳಿಕೊಂಡು ತಿರುಗಿದ.

ದಿನ ಕಳೆದಂತೆ ನನಗೆ ಫೋನು ನೋಡುವುದು ರೂಢಿಯಾಯಿತು. ಕೆಂಪಿ ಎದ್ದರೆ ನನಗೆ ತಿಳಿಯುತ್ತಿತ್ತು, ಮಗ್ಗುಲು ಬದಲಿಸಿದರೆ ತಿಳಿಯುತ್ತಿತ್ತು. ಸಂಜೆಯ ಒಂದು ಹೊತ್ತಿಗೆ ಅವಳು ಬಾಗಿಲ ಕಡೆಗೇ ಕಿವಿ ನೆಟ್ಟು ನಿಲ್ಲುವುದನ್ನು ಮೊದಲ ಸಲ ಕಂಡೆ. ಯಜಮಾನರು ಹುಲ್ಲಿನ ಹೊರೆ ತರುತ್ತಿದ್ದ ಹೊತ್ತು ಅದು. ವರ್ಷವಾದರೂ ಅವಳು ಮರೆತಿಲ್ಲ. ಇದನ್ನು ಯಾರಿಗೂ ಹೇಳಲಿಲ್ಲ. ಆ ಹೊತ್ತಿಗೆ ಸರಿಯಾಗಿ ಒಂದು ಹಿಡಿ ಹುಲ್ಲು ಹಿಡಿದು ನಾನೇ ಹೋಗತೊಡಗಿದೆ.

ಕಾರ್ತಿಕ ಬಂತು. ಯಜಮಾನರ ವರ್ಷದ ದಿನವೂ ಬಂತು. ಅದರ ಹಿಂದಿನ ದಿನ ಮನು ಡಾಕ್ಟರು ಬಂದು ಕೆಂಪಿಯ ಬಾಲದ ಬುಡ ಒತ್ತಿ ನೋಡಿ, “ಸಡಿಲ ಆಗಿದೆ ಅಮ್ಮ. ಕೆಚ್ಚಲೂ ತುಂಬಿದೆ. ಇವತ್ತೋ ನಾಳೆಯೋ. ನೀವು ಧೈರ್ಯವಾಗಿ ಪೂಜೆ ಮುಗಿಸಿ” ಎಂದರು. ಶ್ಯಾಮಲಾ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ.

ನಮ್ಮಲ್ಲಿ ಎಡೆ ಇಡುವ ಕ್ರಮ ಹೀಗೆ. ನಡುಮನೆಯಲ್ಲಿ ತೀರಿಕೊಂಡವರ ಫೋಟೋ ಇಟ್ಟು, ಅವರಿಗೆ ಇಷ್ಟವಾದುದನ್ನೆಲ್ಲ ಬಾಳೆಲೆಯಲ್ಲಿ ಬಡಿಸಿ, ಊದುಬತ್ತಿ ಹಚ್ಚಿ, ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿಕೊಳ್ಳಬೇಕು. ಊದುಬತ್ತಿ ಉರಿದು ಮುಗಿಯುವವರೆಗೆ ತೆಗೆಯಬಾರದು. ಬಂದವರು ಉಣ್ಣುವಾಗ ನಾವು ನೋಡಬಾರದು, ಅವರ ಹೆಸರು ಹಿಡಿದು ಕೂಗಲೂ ಬಾರದು.

ಎಲೆಗೆ ರಾಗಿಮುದ್ದೆ, ಅವರೆಕಾಳಿನ ಸಾರು, ವಡೆ, ಕಜ್ಜಾಯ, ಎಲೆಯಡಿಕೆ ಎಲ್ಲ ಬಂತು. ವಸಂತ ಹಿಂದೆಮುಂದೆ ನೋಡಿ ಜೇಬಿನಿಂದ ಒಂದು ಚಿಕ್ಕ ಬಾಟಲಿ ತೆಗೆದ.

“ಏನೋ ಅದು?”

“ಅಪ್ಪಂಗೆ ಇಷ್ಟ ಅಲ್ವೇನಮ್ಮ...”

ಅವರು ಬದುಕಿದ್ದಾಗ ಈ ಹೊಸಲು ದಾಟಿಸಲು ನಾನು ಬಿಡದ ವಸ್ತು ಅದು. “ಕಜ್ಜಾಯದ ಹಿಂದಕ್ಕೆ ಇಡು, ದೇವರ ಫೋಟೋಗೆ ಕಾಣ್ದಂಗೆ” ಎಂದೆ. ಪದ್ಮಾವತಿ ಮಾಲೂರಿನಿಂದ ಬಂದಿದ್ದಳು. ಅವಳು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು.

ಆಗ ನನಗೊಂದು ಮನಸ್ಸಾಯಿತು. ಅವರಿಗೆ ಇಷ್ಟವಾದುದು ಇನ್ನೂ ಒಂದು ಬಾಕಿ ಇತ್ತಲ್ಲ. ನನ್ನ ಫೋನಿನಲ್ಲಿ ಕೊಟ್ಟಿಗೆಯನ್ನು ತೆರೆದು, ಫೋಟೋದ ಎದುರಿಗೆ ಚೊಂಬಿಗೆ ಒರಗಿಸಿ ಇಟ್ಟೆ. ಕೆಂಪಿ ನಿಂತಿದ್ದಳು. “ನೋಡಿ, ನಿಂತಿದಾಳೆ” ಎಂದು ಹೇಳಿ ಕೈ ಮುಗಿದೆ. ಶ್ಯಾಮಲಾ ಅದನ್ನು ನೋಡಿದಳು. ಚೊಂಬನ್ನು ಇನ್ನೊಂದು ಚೂರು ನೇರ ಮಾಡಿದಳು.

ಪೂಜೆಯ ನಡುವೆ ಯಾರ ಫೋನೂ ಸದ್ದು ಮಾಡಬಾರದೆಂದು ಅವಳು ಮೊದಲೇ ಉಳಿದ ಎಲ್ಲರ ಫೋನನ್ನೂ ಹೂವಿನ ಬುಟ್ಟಿಯಲ್ಲಿ ಕೂಡಿಹಾಕಿದ್ದಳು. ಆ ಬುಟ್ಟಿ ನಡುಮನೆಯ ಕಿಟಕಿಯ ಮೇಲಿತ್ತು. ನಾವು ಹೊರಗೆ ಬಂದು ಬಾಗಿಲು ಹಾಕಿಕೊಂಡೆವು. ಬುಟ್ಟಿ ಒಳಗೇ ಉಳಿಯಿತು.

ಸ್ವಲ್ಪ ಹೊತ್ತು ಎಲ್ಲ ಶಾಂತವಾಗಿತ್ತು. ನಾವೆಲ್ಲ ಜಗಲಿಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದೆವು. ಇದ್ದಕ್ಕಿದ್ದಂತೆ ಒಳಗೆ ಒಂದು ಫೋನು ಹಾಡಿತು. ಅದು ನಿಲ್ಲುವ ಮೊದಲೇ ಇನ್ನೊಂದು. ಆಮೇಲೆ ಎರಡು ಮೂರು ಒಟ್ಟಿಗೆ.

ಪದ್ಮಾವತಿ ಕೆನ್ನೆ ಬಡಿದುಕೊಂಡಳು. “ಅಯ್ಯೋ, ಅಣ್ಣ ಉಣ್ಣೋ ಒತ್ತಲ್ಲಿ ಯಾರೇ ಅದು ಪೋನು ಮಾಡೋರು! ಅವನಿಗೆ ಮೊದ್ಲೇ ಸದ್ದಾದ್ರೆ ಆಗ್ತಿರಲಿಲ್ಲ!”

“ನಿಮ್ಮ ಫೋನೇ ಚಿಕ್ಕತ್ತೆ ಜಾಸ್ತಿ ಕೂಗ್ತಾ ಇರೋದು” ಎಂದಳು ಶ್ಯಾಮಲಾ.

“ನಂಗ್ಯಾರು ಮಾಡ್ತಾರೆ? ನಂಗೆ ಪೋನು ಮಾಡೋನೇ ಒಳಗೆ ಕೂತವ್ನೆ!”

ದುಃಖದ ದಿನವೆಂಬುದನ್ನು ಮರೆತು ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ಮುಗಿಯುವ ಮೊದಲೇ ಕೊಟ್ರೇಶ್ ಸ್ಕೂಟರಿನಲ್ಲಿ ಬಂದು, ಅದನ್ನು ಬೀದಿಯಲ್ಲಿಯೇ ಕೆಡವಿ ಓಡಿ ಬಂದ.

“ಅಮ್ಮಾರೆ! ಫೋನ್ ಯಾಕ್ರಿ ಎತ್ತವಲ್ಲಿರಿ? ದಿವ್ಯಾ ಅವರು ಆಫೀಸಿಂದ ಮಾಡಿ ಮಾಡಿ ಸಾಕಾಗಿ ನನಗೆ ಹೇಳಿದ್ರು. ಕೆಂಪಿ ಏಳಾಕತ್ತೈತಿ, ಕೂಡಾಕತ್ತೈತಿ. ನೀರಿನ ಚೀಲ ಒಡೆದೈತಂತ!”

ಶ್ಯಾಮಲಾಳ ಕೈ ಬಾಗಿಲ ಚಿಲಕಕ್ಕೆ ಹೋಯಿತು. “ಡಾಕ್ಟರ ನಂಬರು ಒಳಗಿದೆ...”

“ತೆಗೀಬೇಡ!” ಎಂದು ನಾನೂ ಪದ್ಮಾವತಿಯೂ ಒಟ್ಟಿಗೆ ಕೂಗಿದೆವು.

“ಡಾಕ್ಟರು ಲೈನಲ್ಲೇ ಅದಾರ್ರಿ” ಎಂದು ಕೊಟ್ರೇಶ್ ತನ್ನ ಫೋನು ತೋರಿಸಿದ. “ಚಂದಾಪುರದಾಗ ಜಾಮ್ ಆಗೈತಂತ. ಅಲ್ಲಿಂದಾನೇ ಕೆಂಪೀನ ನೋಡಾಕತ್ತಾರ.”

ವಸಂತನನ್ನು ಎಡೆಗೆ ಕಾವಲು ಬಿಟ್ಟು ನಾವು ಹೊರಟೆವು. ನನಗೆ ಓಡುವುದಕ್ಕಾಗದೆಂದು ಶ್ಯಾಮಲಾ ನನ್ನ ರಟ್ಟೆ ಹಿಡಿದುಕೊಂಡಳು.

ಕೊಟ್ಟಿಗೆಯಲ್ಲಿ ಆಗಲೇ ಜಾತ್ರೆ. ಆಂಜಿನಪ್ಪ, ಅಡುಗೆಯವಳು, ರಾತ್ರಿ ಪಾಳಿ ಮುಗಿಸಿ ಬಂದಿದ್ದ ಹುಡುಗಿಯರು, ಎಲ್ಲರೂ ಫೋನಿನಲ್ಲಿ ನೋಡಿ ಬಂದು ಈಗ ಕಣ್ಣಾರೆ ನೋಡುತ್ತಿದ್ದರು. ಕೆಂಪಿ ಎದ್ದು ನಿಂತು ಅವರನ್ನು ನೋಡುತ್ತಿದ್ದಳು. ನೋವು ತಿನ್ನುವುದನ್ನೇ ಬಿಟ್ಟಿದ್ದಳು. ದನದ ಸ್ವಭಾವವೇ ಹಾಗೆ. ಎದುರಿಗೆ ಜನ ನಿಂತರೆ ಹೆರಿಗೆಯನ್ನು ತಡೆದುಕೊಳ್ಳುತ್ತದೆ.

“ಎಲ್ಲಾ ಆಚೆ ನಡೀರಿ” ಎಂದೆ. “ಆಂಜಿನಪ್ಪ, ನೀನೂ ನಡಿ. ನಿಮ್ಮನೇಲಿ ಎರಿಗೆ ಆದಾಗ ಬೀದಿಯೋರು ಬಂದು ನಿಂತಿದ್ರಾ?”

ಬಾಗಿಲು ಹಾಕಿ ಎಲ್ಲರೂ ಹುಣಸೆಮರದ ಕೆಳಗೆ ನಿಂತೆವು. ಕೊಟ್ರೇಶನ ಫೋನಿನ ಸುತ್ತ ತಲೆಗಳು ಸೇರಿದವು. ಕೆಂಪಿ ಸುತ್ತಲೂ ನೋಡಿ, ಯಾರೂ ಇಲ್ಲವೆಂದು ನಂಬಿ, ಮಂಡಿಯೂರಿ ಮಲಗಿದಳು. ಹೊಟ್ಟೆ ಬಿಗಿದು ಮುಕ್ಕಿದಳು. ಗೊರಸು ಕಾಣಿಸಿತು. ಹುಡುಗಿಯರು ಉಸಿರು ಎಳೆದುಕೊಂಡರು. ಮತ್ತೆ ಮುಕ್ಕಿದಳು, ಮತ್ತೆ. ಅದೇ ಒಂದು ಗೊರಸು.

ಫೋನಿನೊಳಗಿಂದ ಮನು ಡಾಕ್ಟರ ದನಿ ಬಂತು. “ಅಮ್ಮ, ಒಂದೇ ಕಾಲು ಬಂದಿದೆ. ಇನ್ನೊಂದು ಒಳಗೆ ಮಡಚಿಕೊಂಡಿದೆ. ನಾನು ಬರೋವರೆಗೂ ಕಾಯೋದು ಬೇಡ. ಸಣ್ಣ ಕೈ ಯಾರದಿದೆ?”

ನನ್ನ ಬಲಗೈ ಇನ್ನೂ ಒಂದು ಲೋಟವನ್ನೂ ಸರಿಯಾಗಿ ಹಿಡಿಯುತ್ತಿರಲಿಲ್ಲ. ಪದ್ಮಾವತಿ ತನ್ನ ಕೈಯನ್ನು ಎತ್ತಿ ತೋರಿಸಿ, “ನಂದು ಒರಳುಗುಂಡು ಇದ್ದಂಗದೆ. ನಮ್ಮನೇಲಿ ಇದಕ್ಕೆಲ್ಲ ನಮ್ಮ ಯಜಮಾನ್ರೇ” ಎಂದಳು. ಎಲ್ಲರೂ ಶ್ಯಾಮಲಾಳ ಕೈಯನ್ನು ನೋಡಿದರು. ಅವಳೂ ಅದನ್ನು ಹೊಸದಾಗಿ ಕಂಡವಳಂತೆ ನೋಡಿಕೊಂಡಳು.

“ಅತ್ತೆ, ನಾನು ಹಾಲು ಕೂಡ ಕರೆದಿಲ್ಲ.”

“ನೀನೂ ಎರಡು ಎರಿಗೆ ಕಂಡೋಳು. ನಿಂಗೆ ಗೊತ್ತಿಲ್ದೆ ಇದ್ರೆ ಕೆಂಪಿಗೆ ಗೊತ್ತು. ಬಾ.”

ಅವಳು ಬಳೆಗಳನ್ನು ಕಳಚಿ ನನ್ನ ಮಡಿಲಿಗೆ ಹಾಕಿದಳು. ಮೊಣಕೈವರೆಗೂ ಸೋಪು ಹಚ್ಚಿ ತೊಳೆದುಕೊಂಡು, ಕೊಬ್ಬರಿ ಎಣ್ಣೆ ಸವರಿಕೊಂಡಳು. ನಾವಿಬ್ಬರೇ ಒಳಗೆ ಹೋದೆವು. ನಾನು ಕೆಂಪಿಯ ತಲೆಯ ಬಳಿ ಕುಳಿತು ಕೊರಳ ಗಂಗೆದೊಗಲು ಸವರುತ್ತ, “ತಿಮ್ಮರಾಯ, ತಿಮ್ಮರಾಯ” ಎನ್ನತೊಡಗಿದೆ. ಡಾಕ್ಟರ ಮಾತು ಈಗ ಗೋಡೆಯ ಮೇಲಿನ ಕ್ಯಾಮೆರಾದಿಂದಲೇ ಕೇಳಿಸಿತು. ಅದು ಮಾತಾಡುವುದೂ ಉಂಟೆಂದು ನನಗೆ ಅಂದೇ ತಿಳಿದದ್ದು.

“ಎಳೀಬೇಡಿ ಮೇಡಂ. ಅದು ಮುಕ್ಕುವಾಗ ಸುಮ್ಮನಿರಿ. ನಿಲ್ಲಿಸಿದಾಗ ಕರೂನ ಒಳಕ್ಕೆ ಮೆಲ್ಲಗೆ ತಳ್ಳಿ. ಹಾಂ. ಈಗ ಮಡಚಿದ ಕಾಲು ಸಿಕ್ತಾ?”

“ಮೊಣಕಾಲು... ಮೊಣಕಾಲು ಸಿಕ್ತು.”

“ಅದರ ಕೆಳಗೆ ಹೋಗಿ. ಗೊರಸನ್ನ ಅಂಗೈಯೊಳಗೆ ಮುಚ್ಚಿ ಹಿಡ್ಕೊಳ್ಳಿ, ಒಳಗೆಲ್ಲೂ ತಾಗಬಾರದು. ಹಾಗೇ ಮುಂದಕ್ಕೆ ತನ್ನಿ.”

ಶ್ಯಾಮಲಾಳ ಹಣೆಯಿಂದ ಬೆವರು ಹರಿದು ಕುಂಕುಮ ಮೂಗಿನ ಮೇಲೆ ಇಳಿಯಿತು. ಅವಳು ಕಣ್ಣು ಮುಚ್ಚಿದ್ದಳು. ಕೆಂಪಿ ಒಮ್ಮೆ ನರಳಿ ತಲೆಯನ್ನು ನನ್ನ ತೊಡೆಯ ಮೇಲೆ ಹಾಕಿದಳು. ಆ ಭಾರ ಇನ್ನೂ ನನ್ನ ತೊಡೆಗೆ ನೆನಪಿದೆ.

“ಬಂತು!” ಎಂದಳು ಶ್ಯಾಮಲಾ. “ಅತ್ತೆ, ಬಂತು! ಎರಡೂ ಬಂತು!”

“ಈಗ ಅದು ಮುಕ್ಕಿದಾಗ ಜೊತೇಲೇ ಎಳೀರಿ. ಕೆಳಮುಖವಾಗಿ.”

ಎರಡು ಗೊರಸು, ಅವುಗಳ ಮೇಲೆ ಒಂದು ಪುಟ್ಟ ಮೂತಿ, ಆಮೇಲೆ ತಲೆ. ಅದರ ಹಿಂದೆ ಉಳಿದುದೆಲ್ಲ ಜಾರಿ ಶ್ಯಾಮಲಾಳ ಮಡಿಲಿಗೇ ಬಂದು ಬಿತ್ತು. ಅವಳು ಕರುವಿನ ಸಮೇತ ಹುಲ್ಲಿನ ಮೇಲೆ ಕುಕ್ಕರಿಸಿದಳು. ಕರು ಅಲ್ಲಾಡಲಿಲ್ಲ. ನಾನು ಎಡಗೈಯಿಂದ ಅದರ ಮೂಗು ಬಾಯಿ ಒರೆಸಿ, ಒಂದು ಹುಲ್ಲುಕಡ್ಡಿಯನ್ನು ಮೂಗಿಗೆ ಆಡಿಸಿದೆ. ಇನ್ನೊಮ್ಮೆ ಆಡಿಸಿದೆ. ಕರು ಒಮ್ಮೆ ಸೀನಿ ತಲೆ ಒದರಿತು. ಬಾಗಿಲ ಹೊರಗೆ ಹುಡುಗಿಯರ ಕೂಗು ಪಿ.ಜಿ.ಯ ನಾಲ್ಕೂ ಮಹಡಿಗೆ ತಾಕಿತು.

ಹೆಣ್ಣುಗರು. ಹಣೆಯಲ್ಲಿ ಬಿಳಿಯ ಮಚ್ಚೆ. ಕೆಂಪಿ ತಿರುಗಿ ಮೊದಲು ಕರುವನ್ನು ನೆಕ್ಕಿದಳು, ಆಮೇಲೆ ಶ್ಯಾಮಲಾಳ ಮೊಣಕೈಯನ್ನು, ಮತ್ತೆ ಕರುವನ್ನು.

ವಸಂತ ಬುಟ್ಟಿಯನ್ನು ಹೊತ್ತುಕೊಂಡು ಓಡಿ ಬಂದ. ಫೋನುಗಳು ಅದರೊಳಗೆ ಇನ್ನೂ ಕೂಗುತ್ತಿದ್ದವು. “ಊದುಬತ್ತಿ ಮುಗೀತು ಅಂತ ಬಾಗಿಲು ತೆಗೆದೆ ಕಣಮ್ಮ. ಅಪ್ಪನ ಮುಂದೆ ಇಟ್ಟಿದ್ಯಲ್ಲ, ಅದರಲ್ಲಿ ಕರು ಸೀನಿದ್ದನ್ನ ನೋಡ್ದೆ” ಎಂದ. ಅವನ ಕಣ್ಣು ತುಂಬಿತ್ತು. ನಾನು ಸೆರಗಿನಿಂದ ಒರೆಸಿ, “ಎಲೆ ಹಾಕಿಸು ಓಗು. ಎಲ್ರೂ ಅಸ್ಕೊಂಡವ್ರೆ” ಎಂದೆ.

ಮಧ್ಯಾಹ್ನ ಎಡೆಯ ಊಟಕ್ಕೆ ಬೀದಿಯೆಲ್ಲ ಕುಳಿತಿತ್ತು. ಮನು ಡಾಕ್ಟರು ಬಂದು ಕೆಂಪಿಯನ್ನೂ ಕರುವನ್ನೂ ನೋಡಿ, ಸೂಜಿ ಚುಚ್ಚಿ, ಮುದ್ದೆ ಉಂಡರು. ಶ್ಯಾಮಲಾ ಸ್ನಾನ ಮಾಡಿ ಬಂದು ಬಡಿಸುತ್ತಿದ್ದಳು. ಪದ್ಮಾವತಿ ಕಜ್ಜಾಯ ಮುರಿಯುತ್ತ ಕೇಳಿದಳು:

“ಕರು ಉಟ್ಟಾಯ್ತಲ್ಲ ಶ್ಯಾಮಲಾ. ನೀನು ಓದ್ಸಲ ಪೋನಲ್ಲಿ ಏಳಿದ್ಯಲ್ಲ, ಟೆಂಪೋ ಯಾವತ್ತು ಕಳಿಸ್ಲಿ?”

“ಯಾವ ಟೆಂಪೋ ಚಿಕ್ಕತ್ತೆ?”

“ಕೆಂಪೀಗೆ...”

“ಇನ್ನೊಂದು ವಡೆ ಹಾಕ್ಕೊಳ್ಳಿ” ಎಂದು ಶ್ಯಾಮಲಾ ಎರಡು ಹಾಕಿ ಮುಂದಕ್ಕೆ ಹೋದಳು. ನಾನು ಎಲೆಯ ಮೇಲೆ ಬಗ್ಗಿದೆ. ಮುಖ ಯಾರಿಗೂ ಕಾಣಬಾರದೆಂದು.

ಸಂಜೆ ನೆಂಟರೆಲ್ಲ ಹೊರಟ ಮೇಲೆ ದೀಪ ಹಚ್ಚಿ ಹೊರಗೆ ಬಂದೆ. ಶ್ಯಾಮಲಾ ಕಂಕುಳಲ್ಲಿ ಚಾಪೆ, ದಿಂಬು ಇಟ್ಟುಕೊಂಡು, ಕೈಯಲ್ಲಿ ವಸಂತನ ಹಳೆಯ ಸ್ವೆಟರು ಹಿಡಿದು ರಸ್ತೆ ದಾಟಲು ನಿಂತಿದ್ದಳು.

“ಎಲ್ಲಿಗೇ ಇಷ್ಟೊತ್ತಲ್ಲಿ?”

“ಕೊಟ್ಟಿಗೆಗೆ. ಹೆರಿಗೆಯ ಮಾಸು ಇನ್ನೂ ಪೂರ್ತಿ ಬಿದ್ದಿಲ್ಲ. ಆ ವಾಸನೆಗೆ ಬೀದಿನಾಯಿ ಬರ್ತಾವೆ.”

“ಕ್ಯಾಮೆರಾ ಅದಲ್ಲ, ಮನೇಲೇ ಮಲಿಕ್ಕೊಂಡು ನೋಡಿದ್ರೆ ಆಗಲ್ವಾ?”

ಅವಳು ನನ್ನನ್ನು ಏನೂ ತಿಳಿಯದವಳನ್ನು ನೋಡುವಂತೆ ನೋಡಿದಳು.

“ಕ್ಯಾಮೆರಾ ನಾಯಿ ಓಡಿಸುತ್ತಾ ಅತ್ತೆ?” ಎಂದು ಹೇಳಿ ರಸ್ತೆ ದಾಟಿದಳು.